ಹಳೇ ಕ್ಯಾಡಿಲಾಕ್ ದಾನ ಕೊಡುವ ಮುನ್ನ: ಯಾವ ದಾರಿಯಲ್ಲಿ ಕೊಟ್ಟರೆ ಯಾರಿಗೆ ಎಷ್ಟು ಸೇರುತ್ತದೆ?

ಅಮೆರಿಕದಲ್ಲಿ ರೇಡಿಯೊ ಹಾಕಿದರೆ ಪದೇ ಪದೇ ಕಿವಿಗೆ ಬೀಳುವ ಜಾಹೀರಾತು ಒಂದಿದೆ. ನಿಮ್ಮ ಹಳೇ ಕಾರು ನಮಗೆ ಕೊಡಿ, ಓಡದಿದ್ದರೂ ಪರವಾಗಿಲ್ಲ, ನಾವೇ ಬಂದು ಎಳೆದುಕೊಂಡು ಹೋಗ್ತೀವಿ, ಅದರ ಬೆಲೆಯನ್ನು ತೆರಿಗೆ ಕಟ್ಟುವ ಆದಾಯದಿಂದ ಕಳೆಯಲೂಬಹುದು. 2009ರ ಟೊಯೋಟ ಕ್ಯಾಮ್ರಿಯಂಥ ಮಾಮೂಲಿ ಕಾರಿಗೆ ಈ ಮಾತು ಸರಿ. ಗ್ಯಾರೇಜಿನಲ್ಲಿ ನಿಂತಿರುವುದು 1961ರ ಲಿಂಕನ್ ಕಾಂಟಿನೆಂಟಲ್ಲೋ 1959ರ ಕ್ಯಾಡಿಲಾಕೋ ಅಂಥ ಹಳೇ ಐಷಾರಾಮಿ ಕಾರಾಗಿದ್ದರೆ, ಆ ನಂಬರಿಗೆ ಫೋನ್ ಮಾಡುವ ಮೊದಲು ಸ್ವಲ್ಪ ತಡೆಯಿರಿ.

ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದ ನಮ್ಮ ಹಿರಿಯರಲ್ಲಿ ಇಂಥ ಕಾರು ಇಟ್ಟುಕೊಂಡವರು ಕೆಲವರಿದ್ದಾರೆ. ಬಂದ ಹೊಸತರಲ್ಲಿ ರಸ್ತೆಯಲ್ಲಿ ನೋಡಿ ಆಸೆಪಟ್ಟದ್ದನ್ನು ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಮೇಲೆ ಕೊಂಡವರು. ಈಗ ಮಕ್ಕಳು ಬೇರೆ ಊರಲ್ಲಿದ್ದಾರೆ. ಅವರಿಗೆ ಆರು ಮೀಟರ್ ಹತ್ತಿರ ಹತ್ತಿರ ಉದ್ದದ ಕಾರು ನಿಲ್ಲಿಸಲು ಜಾಗವೂ ಇಲ್ಲ, ಆಸೆಯೂ ಇಲ್ಲ. ಸುಮ್ನೆ ಮಾರುವ ಬದಲು ಯಾವುದಾದರೂ ಒಳ್ಳೇ ಕೆಲಸಕ್ಕೆ ಕೊಟ್ಟುಬಿಡೋಣ ಅನ್ನಿಸುವುದು ಸಹಜ. ಕೊಡಿ. ಆದರೆ ಕೊಡುವ ದಾರಿ ಒಂದಲ್ಲ. ಒಂದೇ ಕಾರಿನಿಂದ ಒಂದು ದಾರಿಯಲ್ಲಿ ಸಂಸ್ಥೆಗೆ ಐದು ಸಾವಿರ ಡಾಲರ್ ಸೇರಬಹುದು, ಇನ್ನೊಂದರಲ್ಲಿ ಹದಿಮೂರು ಸಾವಿರ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಓಡುವ ಸ್ಥಿತಿಯ ಹಳೇ ಅಮೆರಿಕನ್ ಐಷಾರಾಮಿ ಕಾರಾದರೆ ಹೆಚ್ಚಿನವರು ತಾವೇ ಮಾರಿ ಹಣ ದಾನ ಮಾಡುವುದು ಮೇಲು. ನಿಜಕ್ಕೂ ಅಪರೂಪದ್ದು, ಕೊಂಡದ್ದಕ್ಕಿಂತ ಹತ್ತಾರು ಪಟ್ಟು ಬೆಲೆ ಏರಿದ್ದು ಅಂತಾದರೆ ಮ್ಯೂಸಿಯಂ. ತುಕ್ಕು ತಿಂದು, ಎಂಜಿನ್ ಹಿಡಿದುಕೊಂಡು, ಹತ್ತು ವರ್ಷದಿಂದ ಅಲುಗಾಡದೆ ನಿಂತಿರುವುದಾದರೆ ರೇಡಿಯೊದವರ ನಂಬರೇ ಸರಿ.

ಮೊದಲು ಕಾರಿನ ಬೆಲೆ

ದಾನದ ಮಾತು ಆಮೇಲೆ. ನಿಮ್ಮ ಕಾರಿಗೆ ಇವತ್ತು, ಇರುವ ಸ್ಥಿತಿಯಲ್ಲಿ, ಎಷ್ಟು ಸಿಗುತ್ತದೆ ಅಂತ ಗೊತ್ತಿಲ್ಲದೆ ಮುಂದಿನದ್ದೆಲ್ಲ ಊಹೆ.

ಮಾಮೂಲಿ ಕಾರಿಗೆ ನೋಡುವ ಕೆಲ್ಲಿ ಬ್ಲೂ ಬುಕ್ ಇಲ್ಲಿ ಸಾಲದು. ಹಳೇ ಕಾರುಗಳಿಗೆ ಹ್ಯಾಗರ್ಟಿ ವಿಮಾ ಕಂಪನಿಯ ಬೆಲೆಪಟ್ಟಿಯನ್ನೇ ಜಾಸ್ತಿ ಜನ ನೋಡುತ್ತಾರೆ. ಅದರಲ್ಲಿ ಸ್ಥಿತಿಗೆ ನಾಲ್ಕು ದರ್ಜೆ. ಒಂದನೆಯದು ಪ್ರದರ್ಶನದಲ್ಲಿ ಬಹುಮಾನ ಗೆಲ್ಲುವಂಥದ್ದು, ನಾಲ್ಕನೆಯದು ಓಡುತ್ತದೆ ಆದರೆ ಕೊರತೆಗಳು ಕಣ್ಣಿಗೆ ಹೊಡೆಯುತ್ತವೆ ಅನ್ನುವಂಥದ್ದು. ಪ್ರತಿಯೊಬ್ಬ ಮಾಲೀಕನಿಗೂ ತನ್ನ ಕಾರು ಎರಡನೇ ದರ್ಜೆ ಅಂತಲೇ ಕಾಣುತ್ತದೆ. ಹೆಚ್ಚಿನವು ಮೂರು ಅಥವಾ ನಾಲ್ಕು. ಇದರ ಜೊತೆಗೆ ಆನ್‌ಲೈನ್ ಹರಾಜುಗಳಲ್ಲಿ ನಿಮ್ಮದೇ ವರ್ಷದ, ನಿಮ್ಮದೇ ಮಾದರಿಯ ಕಾರು ಎಷ್ಟಕ್ಕೆ ಹೋಗಿದೆ ನೋಡಿ. ಕೇಳಿದ ಬೆಲೆ ಬೇಡ, ಮಾರಾಟವಾದ ಬೆಲೆ ನೋಡಿ.

ಹೆಸರು ಜೋರಾಗಿದ್ದ ಮಾತ್ರಕ್ಕೆ ಬೆಲೆ ಬರುವುದಿಲ್ಲ. 1976ರ ಕ್ಯಾಡಿಲಾಕ್ ಎಲ್ಡೊರಾಡೊ ಕನ್ವರ್ಟಿಬಲ್, ಅಂದರೆ ಮೇಲ್ಛಾವಣಿ ಮಡಚಿಡಬಹುದಾದ ಕಾರು ನೋಡಿ. ಅಮೆರಿಕದ ಕೊನೆಯ ಕನ್ವರ್ಟಿಬಲ್ ಇದೇ ಅಂತ ಆಗ ದೊಡ್ಡ ಪ್ರಚಾರ ನಡೆಯಿತು. 8.2 ಲೀಟರ್ ಎಂಜಿನ್. ಆ ವರ್ಷ ತಯಾರಾದದ್ದು 14,000. ಕೊನೆಯ 200 ಕಾರುಗಳಿಗೆ ಒಂದೇ ಥರ ಬಿಳಿ ಬಣ್ಣ. ಮುಂದೆ ಚಿನ್ನದ ಬೆಲೆ ಬರುತ್ತದೆ ಅಂತ ಎಷ್ಟೋ ಜನ ಕೊಂಡು ಓಡಿಸದೆ ಮುಚ್ಚಿಟ್ಟರು. 1984ರ ಮಾದರಿಗೆ ಕ್ಯಾಡಿಲಾಕ್ ಕಂಪನಿಯೇ ಮತ್ತೆ ಎಲ್ಡೊರಾಡೊ ಕನ್ವರ್ಟಿಬಲ್ ತಂದಿತು. ಮುಚ್ಚಿಟ್ಟವರಲ್ಲಿ ಕೆಲವರು ಕೋರ್ಟಿಗೂ ಹೋದರು. ಎಲ್ಲರೂ ಎತ್ತಿಟ್ಟದ್ದು ಅಪರೂಪ ಹೇಗಾಗುತ್ತದೆ?

ಇನ್ನು ಎಂಬತ್ತರ ದಶಕದ ಕ್ಯಾಡಿಲಾಕ್. ನೋಡಲು ಫಳಫಳ ಹೊಳೆಯಬಹುದು. ಆದರೆ 1982ರಲ್ಲಿ ಬಂದ 4.1 ಲೀಟರ್ ವಿ8 ಎಂಜಿನ್ ಒಳಗಿದೆ ಅಂತ ಗೊತ್ತಾದರೆ ತಿಳಿದವರು ಹಿಂದೆ ಸರಿಯುತ್ತಾರೆ. ಆ ಎಂಜಿನ್ನಿನ ಕೆಟ್ಟ ಹೆಸರು ಇನ್ನೂ ಹೋಗಿಲ್ಲ. 1961ರ ಲಿಂಕನ್ ಕಾಂಟಿನೆಂಟಲ್‌ನ ಕಥೆಯೇ ಬೇರೆ. ಹಿಂದಿನ ಬಾಗಿಲು ಹಿಂದಕ್ಕೆ ತೆರೆಯುವ ಆ ಕಾರಿಗೆ, ಅದರಲ್ಲೂ ನಾಲ್ಕು ಬಾಗಿಲಿನ ಕನ್ವರ್ಟಿಬಲ್‌ಗೆ, ಇವತ್ತಿಗೂ ಕೊಳ್ಳುವವರಿದ್ದಾರೆ.

ಒಂದು ಸಂಜೆ ಟಾರ್ಚ್ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬನ್ನಿ. ಎಪ್ಪತ್ತರ, ಎಂಬತ್ತರ ದಶಕದ ಕ್ಯಾಡಿಲಾಕ್ ಆದರೆ ಬಂಪರಿಗೂ ಬಾಡಿಗೂ ನಡುವಿನ ಮೆತ್ತನೆಯ ಪ್ಲಾಸ್ಟಿಕ್ ತುಂಡನ್ನು ಬೆರಳಿನಿಂದ ಒತ್ತಿ ನೋಡಿ. ಹಳೇ ಹಪ್ಪಳದ ಹಾಗೆ ಪುಡಿಯಾಗಿ ಉದುರಿದರೆ ಗಾಬರಿ ಬೇಡ, ಎಲ್ಲರದ್ದೂ ಹಾಗೇ ಆಗುತ್ತದೆ, ಹೊಸ ತುಂಡು ಸಿಗುತ್ತದೆ. ಆಮೇಲೆ ಡಿಕ್ಕಿ ತೆರೆದು ಕಾರ್ಪೆಟ್ ಎತ್ತಿ. ಅಲ್ಲಿ ತುಕ್ಕು ಇದ್ದರೆ ಅದು ಬೇರೆ ಮಟ್ಟದ ಖರ್ಚು. ಮೇಲ್ಛಾವಣಿಗೆ ವಿನೈಲ್ ಹೊದಿಕೆ ಇದ್ದರೆ ಹಿಂದಿನ ಗಾಜಿನ ಕೆಳಗೆ ಕೈಯಾಡಿಸಿ. ಗುಳ್ಳೆ ಎದ್ದಂತೆ ಉಬ್ಬಿದ್ದರೆ ಅಡಿಯಲ್ಲಿ ತಗಡು ಕೊಳೆಯುತ್ತಿದೆ. ಕಿಟಕಿ, ಸೀಟು, ಎಸಿ, ಆಂಟೆನಾ ಎಲ್ಲ ಒಂದೊಂದಾಗಿ ಆಡಿಸಿ ನೋಡಿ. ಈ ಕಾರುಗಳಲ್ಲಿ ಮೋಟರ್ ಇಲ್ಲದ ಜಾಗವೇ ಕಡಿಮೆ. ಮಿಷಿಗನ್, ಒಹಾಯೊ ಕಡೆ ಚಳಿಗಾಲದ ಉಪ್ಪು ಕಂಡ ಕಾರಾದರೆ ಲಿಫ್ಟಿಗೆ ಹಾಕಿ ಅಡಿಭಾಗವನ್ನೂ ತೋರಿಸಿ.

ಎಳೆದುಕೊಂಡು ಹೋಗುವವರು

ಇದು ಎಲ್ಲಕ್ಕಿಂತ ಸುಲಭ. ಒಂದು ಫೋನು, ಒಂದು ಸಹಿ, ಟೋ ಟ್ರಕ್ ಬರುತ್ತದೆ, ಗ್ಯಾರೇಜು ಖಾಲಿ. ಸಾರ್ವಜನಿಕ ರೇಡಿಯೊ ಕೇಂದ್ರಗಳಿಂದ ಹಿಡಿದು ಪ್ರಾಣಿ ದಯಾ ಸಂಘದವರೆಗೆ ಇಂಥ ಯೋಜನೆ ಇಟ್ಟುಕೊಂಡಿದ್ದಾರೆ.

ಆದರೆ ಹೆಚ್ಚಿನ ಸಂಸ್ಥೆಗಳು ಈ ಕೆಲಸವನ್ನು ತಾವೇ ಮಾಡುವುದಿಲ್ಲ. ನಡುವೆ ಇನ್ನೊಬ್ಬರು ಇರುತ್ತಾರೆ. ಅವರು ಟ್ರಕ್ ಕಳಿಸುತ್ತಾರೆ, ಕಾರನ್ನು ಹರಾಜಿನ ಯಾರ್ಡಿಗೆ ಸಾಗಿಸುತ್ತಾರೆ, ಅಲ್ಲಿ ಬಂದ ಬೆಲೆಗೆ ಮಾರುತ್ತಾರೆ, ಖರ್ಚು ಮತ್ತು ತಮ್ಮ ಪಾಲು ಹಿಡಿದುಕೊಂಡು ಉಳಿದದ್ದನ್ನು ಸಂಸ್ಥೆಗೆ ಕೊಡುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ನಡುವಿನವರು ಕೆಲವು ಕಡೆ ಲಾಭದ ಕಂಪನಿ, ಕೆಲವು ಕಡೆ ಅವರೂ ಲಾಭರಹಿತ ಸಂಸ್ಥೆಯೇ. ಸಮಸ್ಯೆ ಇರುವುದು ಯಾರ್ಡಿನಲ್ಲಿ. ಅಪಘಾತವಾದ ಕಾರು, ಬ್ಯಾಂಕಿನವರು ಜಪ್ತಿ ಮಾಡಿದ ಕಾರುಗಳ ಸಾಲಿನಲ್ಲಿ ನಿಮ್ಮ ಲಿಂಕನ್ನೂ ನಿಲ್ಲುತ್ತದೆ. ಬ್ಯಾಟರಿ ಸತ್ತಿದ್ದರೆ ಪಟ್ಟಿಯಲ್ಲಿ ಸ್ಟಾರ್ಟ್ ಆಗುವುದಿಲ್ಲ ಅಂತ ಬರುತ್ತದೆ. ನೀವು ಇಪ್ಪತ್ತು ವರ್ಷ ಫೈಲಿನಲ್ಲಿ ಜೋಡಿಸಿಟ್ಟ ರಿಪೇರಿ ರಸೀದಿಗಳನ್ನು ಅಲ್ಲಿ ಯಾರೂ ಓದುವುದಿಲ್ಲ. ಬರುವವರಲ್ಲಿ ಜಾಸ್ತಿ ಜನ ವ್ಯಾಪಾರಿಗಳು, ಬಿಡಿಭಾಗದವರು. ಆ ಕಾರನ್ನು ಹುಡುಕುತ್ತಿರುವ ಕ್ಯಾಡಿಲಾಕ್ ಕ್ಲಬ್ಬಿನ ಸದಸ್ಯನಿಗೆ ಅದು ಅಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ.

ಈ ದಾರಿಯನ್ನೇ ಹಿಡಿಯುವುದಾದರೆ ಫೋನಿನಲ್ಲಿ ನೇರವಾಗಿ ಕೇಳಿ: ಕಾರನ್ನು ಏನು ಮಾಡ್ತೀರಿ? ಎಲ್ಲಿ ಮಾರ್ತೀರಿ? ಮಾರಿದ ಹಣದಲ್ಲಿ ಸಂಸ್ಥೆಗೆ ಎಷ್ಟು ಹೋಗುತ್ತದೆ? ಹಳೇ ಕಾರುಗಳನ್ನು ಬೇರೆ ಕಡೆ ಮಾರುವ ವ್ಯವಸ್ಥೆ ಇದೆಯಾ? ಕೆಲವರಲ್ಲಿ ಒಳ್ಳೆಯ ಕಾರುಗಳನ್ನು ಪ್ರತ್ಯೇಕವಾಗಿ ಮಾರುವ ಏರ್ಪಾಡು ಇರುತ್ತದೆ, ಕೇಳಿದರೆ ಹೇಳುತ್ತಾರೆ. ಉತ್ತರ ಸುತ್ತಿ ಬಳಸಿ ಬಂದರೆ ಫೋನ್ ಇಟ್ಟುಬಿಡಿ. ಸಂಸ್ಥೆ 501ಸಿ3, ಅಂದರೆ ದಾನಕ್ಕೆ ತೆರಿಗೆ ಕಡಿತ ಸಿಗುವ ಸಂಸ್ಥೆಗಳ ಪಟ್ಟಿಯಲ್ಲಿದೆಯಾ ಅಂತ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ.

ತೆರಿಗೆಯ ಲೆಕ್ಕ

ಜಾಸ್ತಿ ಜನ ಎಡವುವುದು ಇಲ್ಲೇ. ಹ್ಯಾಗರ್ಟಿ ಪಟ್ಟಿ 18,000 ಡಾಲರ್ ಅಂದರೆ ಆದಾಯದಿಂದ 18,000 ಕಳೆಯಬಹುದು ಅಂತ ಅಂದುಕೊಳ್ಳುತ್ತಾರೆ. 2004ರವರೆಗೆ ಸ್ವಲ್ಪ ಹಾಗೇ ನಡೆಯುತ್ತಿತ್ತು. ಜನ ಮನಸ್ಸಿಗೆ ಬಂದ ಬೆಲೆ ಬರೆಯಲು ಶುರು ಮಾಡಿದರು. ಕಾನೂನು ಬದಲಾಯಿತು. 2005ರಿಂದ ನಿಯಮ ಹೀಗೆ: 500 ಡಾಲರಿಗಿಂತ ಹೆಚ್ಚು ಕಳೆಯಬೇಕಾದರೆ, ಸಂಸ್ಥೆ ಕಾರನ್ನು ಎಷ್ಟಕ್ಕೆ ಮಾರಿತೋ ಅಷ್ಟೇ. ನಿಮ್ಮ ಬೆಲೆಪಟ್ಟಿ ಏನು ಹೇಳಿದರೂ ಲೆಕ್ಕಕ್ಕಿಲ್ಲ. ಮಾರಿದ 30 ದಿನದೊಳಗೆ ಅವರು ಫಾರ್ಮ್ 1098-ಸಿ ಕಳಿಸಬೇಕು. ಅದರಲ್ಲಿ ಮಾರಿದ ಬೆಲೆ ಇರುತ್ತದೆ, ಅದು ನಿಮ್ಮ ರಿಟರ್ನ್ ಜೊತೆ ಹೋಗಬೇಕು. 500 ಅಥವಾ ಅದಕ್ಕಿಂತ ಕಡಿಮೆಗೆ ಮಾರಾಟವಾದರೆ ಕಾರಿನ ಮಾರುಕಟ್ಟೆ ಬೆಲೆಯನ್ನು 500ರ ಮಿತಿಯೊಳಗೆ ಕಳೆಯಬಹುದು.

ಇದಕ್ಕೆ ವಿನಾಯಿತಿ ಮೂರು. ಒಂದು, ಸಂಸ್ಥೆ ಕಾರನ್ನು ಮಾರದೆ ತನ್ನ ಕೆಲಸಕ್ಕೆ ಗಣನೀಯವಾಗಿ ಬಳಸಬೇಕು. ಐಆರ್‌ಎಸ್ ಕೊಡುವ ಉದಾಹರಣೆ: ಬಡವರಿಗೆ ಊಟ ತಲುಪಿಸಲು ಒಂದು ವರ್ಷದಲ್ಲಿ 10,000 ಮೈಲಿ ಓಡಿಸುವುದು. 8.2 ಲೀಟರ್ ಎಲ್ಡೊರಾಡೊದಲ್ಲಿ ಊಟ ಹಂಚಿದರೆ ಊಟಕ್ಕಿಂತ ಪೆಟ್ರೋಲಿಗೇ ಜಾಸ್ತಿ ಖರ್ಚಾದೀತು, ಅದು ಬೇರೆ ಮಾತು. ಎರಡು, ಕಾರಿನ ಬೆಲೆ ಏರುವಂಥ ದೊಡ್ಡ ರಿಪೇರಿ ಮಾಡಬೇಕು. ಬಣ್ಣ ಹೊಡೆಯುವುದು, ಡೆಂಟ್ ತೆಗೆಯುವುದು, ಸೀಟು ಹೊಲಿಸುವುದು ಲೆಕ್ಕಕ್ಕೆ ಬರುವುದಿಲ್ಲ. ಮೂರು, ಬಡವರೊಬ್ಬರಿಗೆ ಉಚಿತವಾಗಿ ಅಥವಾ ತೀರಾ ಕಡಿಮೆ ಬೆಲೆಗೆ ಕೊಡಬೇಕು. 1959ರ ಕ್ಯಾಡಿಲಾಕ್ ಕೊಟ್ಟರೆ ಆ ಬಡಪಾಯಿ ಏನು ಮಾಡಬೇಕು ಹೇಳಿ.

ಮುಖ್ಯ ವಿಷಯ ಇನ್ನೊಂದಿದೆ. ಕಾರಿನ ದಾನ ತೆರಿಗೆಯಲ್ಲಿ ಉಪಯೋಗಕ್ಕೆ ಬರುವುದು ಶೆಡ್ಯೂಲ್ ಎ ತುಂಬಿ ಖರ್ಚುಗಳನ್ನು ಒಂದೊಂದಾಗಿ ತೋರಿಸುವವರಿಗೆ ಮಾತ್ರ. 2026ಕ್ಕೆ ಗಂಡ ಹೆಂಡತಿ ಸೇರಿ ರಿಟರ್ನ್ ಹಾಕಿದರೆ, ಖರ್ಚು ತೋರಿಸದೆಯೇ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 32,200 ಡಾಲರ್. ಮನೆಸಾಲ ತೀರಿಸಿರುವ ನಿವೃತ್ತರಿಗೆ ಬೇರೆ ಖರ್ಚೆಲ್ಲ ಸೇರಿ ಅಷ್ಟಾಗುವುದು ಕಷ್ಟ. ಅಂಥವರಿಗೆ ಕಾರು ಕೊಟ್ಟದ್ದರಿಂದ ತೆರಿಗೆಯಲ್ಲಿ ಉಳಿಯುವುದು ಸೊನ್ನೆ. ಆದರೆ 2026ರಿಂದ ಒಂದು ಹೊಸ ಅನುಕೂಲ ಬಂದಿದೆ. ಶೆಡ್ಯೂಲ್ ಎ ತುಂಬದವರೂ ನಗದು ದಾನದಲ್ಲಿ ಒಬ್ಬರಾದರೆ 1,000, ದಂಪತಿಯಾದರೆ 2,000 ಡಾಲರ್‌ವರೆಗೆ ಕಳೆಯಬಹುದು. ನಗದಿಗೆ ಮಾತ್ರ, ವಸ್ತುವಿಗಿಲ್ಲ. ಕಾರು ಮಾರಿ ಹಣ ಕೊಡುವ ಕಡೆ ತಕ್ಕಡಿ ವಾಲಲು ಇದೂ ಒಂದು ಕಾರಣ. ಶೆಡ್ಯೂಲ್ ಎ ತುಂಬುವವರಿಗೂ 2026ರಿಂದ ಸಣ್ಣ ಕಡಿತ ಇದೆ. ಆದಾಯದ ಶೇಕಡಾ 0.5ರಷ್ಟು ದಾನ ಲೆಕ್ಕಕ್ಕೆ ಬರುವುದಿಲ್ಲ. ಒಂದೂವರೆ ಲಕ್ಷ ಆದಾಯವಾದರೆ ಮೊದಲ 750 ಡಾಲರ್ ಬಿಟ್ಟು ಉಳಿದದ್ದು.

ಈಗ ಅಂಕಿ ಹಾಕಿ ನೋಡೋಣ. ಮೂರನೇ ದರ್ಜೆಯ ಒಂದು ಲಿಂಕನ್, ಪಟ್ಟಿಯಲ್ಲಿ 18,000. ಟೋ ಟ್ರಕ್ಕಿನವರಿಗೆ ಕೊಟ್ಟಿರಿ, ಯಾರ್ಡಿನಲ್ಲಿ 6,500ಕ್ಕೆ ಹೋಯಿತು, ನಡುವಿನವರು ಕಾಲುಭಾಗ ಹಿಡಿದುಕೊಂಡರು ಅಂತ ಇಟ್ಟುಕೊಳ್ಳೋಣ. ಸಂಸ್ಥೆಗೆ ಸೇರಿದ್ದು 4,875. ನೀವು ಆದಾಯದಿಂದ ಕಳೆಯಬಹುದಾದದ್ದು 6,500, ಅದೂ ಶೆಡ್ಯೂಲ್ ಎ ತುಂಬಿದರೆ. ಅದೇ ಕಾರನ್ನು ನೀವೇ ಆತುರವಿಲ್ಲದೆ 15,000ಕ್ಕೆ ಮಾರಿದಿರಿ. ಬ್ಯಾಟರಿ, ಜಾಹೀರಾತು ಅಂತ 600 ಖರ್ಚಾಯಿತು. ಹಿಂದೆ ಕೊಂಡದ್ದು, ದೊಡ್ಡ ದುರಸ್ತಿಗೆ ಹಾಕಿದ್ದು ಸೇರಿ 12,000 ಆಗಿದ್ದರೆ ಲಾಭ 3,000. ಹಳೇ ಕಾರನ್ನು ಸಂಗ್ರಹದ ವಸ್ತು ಅಂತ ಪರಿಗಣಿಸಿ ಶೇಕಡಾ 28ರ ಗರಿಷ್ಠ ದರ ಹಾಕಿದರೂ ಕೇಂದ್ರ ತೆರಿಗೆ 840. ಉಳಿದ 13,560 ಡಾಲರಿಗೆ ನೇರವಾಗಿ ಚೆಕ್ ಬರೆದುಕೊಡಬಹುದು. ಕೊಂಡದ್ದಕ್ಕಿಂತ ಕಡಿಮೆಗೆ ಮಾರಿದರೆ ತೆರಿಗೆಯೇ ಇಲ್ಲ, ನಷ್ಟವನ್ನು ತೋರಿಸಲೂ ಆಗುವುದಿಲ್ಲ.

ಅಪ್ಪ ತೀರಿಕೊಂಡು ಕಾರು ಮಕ್ಕಳಿಗೆ ಬಂದಿದ್ದರೆ ಇನ್ನೂ ಸುಲಭ. ಆಗ ಕಾರಿನ ಮೂಲ ಬೆಲೆ ಅಂತ ಹಿಡಿಯುವುದು ಅಪ್ಪ ಕೊಟ್ಟದ್ದನ್ನಲ್ಲ, ಅವರು ಹೋದ ದಿನ ಕಾರಿಗಿದ್ದ ಮಾರುಕಟ್ಟೆ ಬೆಲೆಯನ್ನು. ಬೇಗ ಮಾರಿದರೆ ಲಾಭವೇ ಇರುವುದಿಲ್ಲ ಅನ್ನಬಹುದು.

ಮ್ಯೂಸಿಯಂಗೆ ಕೊಟ್ಟರೆ

ಮನಸ್ಸಿಗೆ ಹೆಚ್ಚು ಖುಷಿ ಕೊಡುವ ದಾರಿ ಇದು. ಆದರೆ ನಿಮ್ಮ ಕೈಯಲ್ಲಿಲ್ಲ, ಮ್ಯೂಸಿಯಂನವರ ಕೈಯಲ್ಲಿದೆ.

ಅಮೆರಿಕನ್ ಐಷಾರಾಮಿ ಕಾರುಗಳಿಗೆಂದೇ ಒಳ್ಳೊಳ್ಳೆಯ ಮ್ಯೂಸಿಯಂಗಳಿವೆ. ಮಿಷಿಗನ್‌ನ ಹಿಕರಿ ಕಾರ್ನರ್ಸ್‌ನಲ್ಲಿ ಗಿಲ್ಮೋರ್ ಕಾರ್ ಮ್ಯೂಸಿಯಂ ಇದೆ. ಅದರ ಆವರಣದಲ್ಲೇ ಕ್ಯಾಡಿಲಾಕ್ ಲಾಸಾಲ್ ಕ್ಲಬ್ಬಿನ ಮ್ಯೂಸಿಯಂ, ಲಿಂಕನ್ನಿನದೇ ಮ್ಯೂಸಿಯಂ ಎರಡೂ ಇವೆ. ಎರಡನ್ನೂ ಹಳೇ ಕಾಲದ ಕಾರು ಶೋರೂಮಿನ ರೂಪದಲ್ಲೇ ಕಟ್ಟಿದ್ದಾರೆ. ಪ್ಯಾಕರ್ಡ್ ಕಂಪನಿಯ ಕಾರಾದರೆ ಒಹಾಯೊದ ಡೇಟನ್‌ನಲ್ಲೊಂದು, ಪ್ಯಾಕರ್ಡ್ ಹುಟ್ಟಿದ ವಾರನ್ ಊರಿನಲ್ಲೊಂದು. ಇಂಡಿಯಾನಾದ ಆಬರ್ನ್‌ನಲ್ಲಿ ಆಬರ್ನ್, ಕಾರ್ಡ್, ಡ್ಯೂಸನ್‌ಬರ್ಗ್ ಎಂಬ ಮೂರೂ ಹೆಸರಿನ ಕಾರುಗಳಿಗೆ ಸೇರಿದ ಮ್ಯೂಸಿಯಂ. ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಹಳೇ ಕಾರುಗಳ ರಾಷ್ಟ್ರೀಯ ಸಂಘದ ಹೆಸರಿನಲ್ಲಿ ಇನ್ನೊಂದು.

ಇವರಿಗೆ ಇಮೇಲ್ ಬರೆಯುವಾಗ ಒಂದು ಮಾತು ನೆನಪಿರಲಿ. ಅವರಿಗೆ ಕಾರಿನ ಬರ ಇಲ್ಲ, ಜಾಗದ ಬರ ಇದೆ. ಈಗಾಗಲೇ ಒಂದು 1976ರ ಎಲ್ಡೊರಾಡೊ ನಿಂತಿದ್ದರೆ ಎರಡನೆಯದು ಯಾಕೆ? ಅವರಿಗೆ ಬೇಕಾದದ್ದು ಮೂಲ ಬಣ್ಣ ಹಾಗೇ ಉಳಿದಿರುವುದು, ಒಬ್ಬರೇ ಮಾಲೀಕರ ಕೈಯಲ್ಲಿದ್ದು ಕಾಗದಪತ್ರವೆಲ್ಲ ಇರುವುದು, ಅಥವಾ ಅವರ ಸಂಗ್ರಹದಲ್ಲಿ ಇಲ್ಲದ ವರ್ಷ. ಮೊದಲ ಮೇಲ್‌ನಲ್ಲಿ ವರ್ಷ, ಮಾದರಿ, ಗಾಡಿ ನಂಬರು, ಎಷ್ಟು ಮೈಲಿ, ಎಷ್ಟು ಮಾಲೀಕರು, ಏನೇನು ಬದಲಾಗಿದೆ ಅಂತ ಬರೆದು ಹತ್ತು ಫೋಟೋ ಹಾಕಿ. ಕಾರಿನ ಜೊತೆಗಿನ ನಿಮ್ಮ ಭಾವನೆಗಳ ಕಥೆ ಎರಡನೇ ಮೇಲ್‌ಗೆ ಇರಲಿ.

ಎಂದೆಂದಿಗೂ ಪ್ರದರ್ಶನದಲ್ಲೇ ಇಡಬೇಕು, ಮಾರಬಾರದು ಅಂತ ಷರತ್ತು ಹಾಕಿದರೆ ಹೆಚ್ಚಿನವರು ಒಪ್ಪುವುದಿಲ್ಲ. ನ್ಯಾಯವೇ. ಸಂಗ್ರಹಕ್ಕೆ ತೆಗೆದುಕೊಳ್ತೀರೋ, ಮಾರಿ ಖರ್ಚಿಗೆ ಬಳಸಿಕೊಳ್ತೀರೋ ಅಂತ ಮೊದಲೇ ಕೇಳಿ ಕಾಗದದಲ್ಲಿ ಬರೆಸಿಕೊಳ್ಳಿ. ಏಕೆಂದರೆ ಇಡೀ ತೆರಿಗೆ ಲೆಕ್ಕ ಇದರ ಮೇಲೆ ನಿಂತಿದೆ. ಸಂಗ್ರಹದಲ್ಲಿ ಇಟ್ಟುಕೊಂಡು ಪ್ರದರ್ಶನಕ್ಕೆ ಬಳಸಿದರೆ, ನೀವು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದ ಕಾರಾದರೆ, ಪೂರ್ತಿ ಮಾರುಕಟ್ಟೆ ಬೆಲೆಯನ್ನು ಆದಾಯದಿಂದ ಕಳೆಯುವ ಅವಕಾಶ ಇದೆ. ಏರಿದ ಬೆಲೆಯ ಮೇಲೆ ಲಾಭದ ತೆರಿಗೆಯನ್ನೂ ಕಟ್ಟಬೇಕಿಲ್ಲ.

ಯಾರಿಗೆ ಇದು ಲಾಭ? ಎಪ್ಪತ್ತರ ದಶಕದಲ್ಲಿ 8,000ಕ್ಕೆ ಕೊಂಡ ಮೂವತ್ತರ ದಶಕದ ಪ್ಯಾಕರ್ಡ್ ಈಗ ಲಕ್ಷ ದಾಟಿದೆ ಅನ್ನುವವರಿಗೆ. ಅವರು ಮಾರಿದರೆ ತೆರಿಗೆಯೇ ದೊಡ್ಡ ತುತ್ತು ತಿನ್ನುತ್ತದೆ. ಒಂದು ವರ್ಷದಲ್ಲಿ ಕಳೆಯಲು ಆದಾಯದ ಶೇಕಡಾ 30ರ ಮಿತಿ ಇದೆ, ಉಳಿದದ್ದನ್ನು ಮುಂದಿನ ಐದು ವರ್ಷಕ್ಕೆ ಹಂಚಿಕೊಳ್ಳಬಹುದು.

ಆದರೆ ಇಲ್ಲಿ ಕಾಗದದ ಕೆಲಸ ಜಾಸ್ತಿ. 5,000 ಡಾಲರ್ ದಾಟಿದರೆ ಅರ್ಹ ಮೌಲ್ಯಮಾಪಕರಿಂದ ಲಿಖಿತ ವರದಿ ಬೇಕು. ಹ್ಯಾಗರ್ಟಿ ಪುಟದ ಪ್ರಿಂಟ್ ನಡೆಯುವುದಿಲ್ಲ. ದಾನದ ದಿನಕ್ಕಿಂತ 60 ದಿನ ಹಿಂದಿನ ವರದಿಯಾದರೆ ಹಳತಾಯಿತು. ಕಾರಿನ ಬೆಲೆಯಲ್ಲಿ ಇಷ್ಟು ಶೇಕಡಾ ಅಂತ ಫೀಸು ಕೇಳುವ ಮೌಲ್ಯಮಾಪಕರು ಬೇಡ, ನಿಯಮಕ್ಕೆ ವಿರುದ್ಧ. ಫಾರ್ಮ್ 8283ರ ಬಿ ಭಾಗಕ್ಕೆ ಅವರ ಸಹಿ, ಮ್ಯೂಸಿಯಂನ ಸಹಿ ಎರಡೂ ಬೇಕು. ಮೂರು ವರ್ಷದೊಳಗೆ ಮ್ಯೂಸಿಯಂ ಕಾರನ್ನು ಮಾರಿದರೆ ಐಆರ್‌ಎಸ್‌ಗೆ ಫಾರ್ಮ್ 8282ರಲ್ಲಿ ತಿಳಿಸಬೇಕು. ಅಂದರೆ ಬೇಕಾಬಿಟ್ಟಿ ಬೆಲೆ ಬರೆದವರು ಸಿಕ್ಕಿಬೀಳುತ್ತಾರೆ.

ಧರ್ಮಸ್ಥಳದ ಕಾರ್ ಮ್ಯೂಸಿಯಂ ನೋಡಿ ಬಂದವರು ಅಲ್ಲಿಗೇ ಕೊಟ್ಟರಾಯಿತಲ್ವಾ ಅಂತ ಕೇಳುವುದುಂಟು. ಆಸೆ ಒಳ್ಳೆಯದೇ. ಆದರೆ ಭಾರತದ ಟ್ರಸ್ಟಿಗೆ ನೇರವಾಗಿ ಕೊಟ್ಟ ದಾನಕ್ಕೆ ಅಮೆರಿಕದಲ್ಲಿ ತೆರಿಗೆ ಕಡಿತ ಇಲ್ಲ. ಹಡಗಿನ ಖರ್ಚು, ಕಸ್ಟಮ್ಸ್ ಬೇರೆ. ಊರಿನ ಶಾಲೆಗೋ ಮಕ್ಕಳ ಊಟಕ್ಕೋ ಸಹಾಯ ಆಗಬೇಕು ಅನ್ನುವುದಾದರೆ ಕಾರನ್ನು ಇಲ್ಲೇ ಮಾರಿ, ಅಮೆರಿಕದಲ್ಲಿ ನೋಂದಾಯಿತ ಶಾಖೆ ಇರುವ ಸಂಸ್ಥೆಗೆ ಹಣ ಕೊಡಿ. ಬೆಂಗಳೂರಿನಲ್ಲಿ ಶುರುವಾದ ಅಕ್ಷಯ ಪಾತ್ರೆಗೆ ಅಂಥ ಶಾಖೆ ಇದೆ.

ಕಲಿಸುವ ಕಡೆ

ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ, ನನಗೆ ತುಂಬಾ ಇಷ್ಟವಾದ ದಾರಿ ಇದು. ಕ್ಯಾನ್ಸಸ್ ರಾಜ್ಯದ ಮೆಕ್‌ಫರ್ಸನ್ ಎಂಬ ಚಿಕ್ಕ ಊರಿನಲ್ಲಿ ಅದೇ ಹೆಸರಿನ ಕಾಲೇಜಿದೆ. ಹಳೇ ಕಾರುಗಳ ಪುನಶ್ಚೇತನದಲ್ಲಿ ಅಲ್ಲಿ ನಾಲ್ಕು ವರ್ಷದ ಪದವಿಯೇ ಇದೆ. 1976ರಲ್ಲಿ ಒಬ್ಬ ಉದ್ಯಮಿ ತನ್ನ ಕಾರು ಸಂಗ್ರಹವನ್ನು ಕಾಲೇಜಿಗೆ ಕೊಟ್ಟದ್ದರಿಂದ ಶುರುವಾದದ್ದು. ತಗಡು ಬಡಿಯುವುದು, ಸೀಟು ಹೊಲಿಯುವುದು, ಎಂಜಿನ್ ಕಟ್ಟುವುದು, ಬಣ್ಣ, ಎಲ್ಲ ಕಲಿಸುತ್ತಾರೆ. 2023ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಸರಿಪಡಿಸಿದ 1953ರ ಮರ್ಸಿಡಿಸ್ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಪ್ರದರ್ಶನದಲ್ಲಿ ತನ್ನ ವಿಭಾಗದಲ್ಲಿ ಎರಡನೇ ಬಹುಮಾನ ಗೆದ್ದಿತು. ಆ ಪ್ರದರ್ಶನಕ್ಕೆ ಕೋಟ್ಯಧಿಪತಿಗಳ ಕಾರುಗಳು ಬರುತ್ತವೆ.

ಕೆಲಸ ಬಾಕಿ ಇರುವ ಕಾರಿಗೂ ಇಂಥ ಕಡೆ ಬೆಲೆ ಇರಬಹುದು. ನಾಲ್ಕನೇ ದರ್ಜೆಯದ್ದೇ ಪಾಠಕ್ಕೆ ಒಳ್ಳೆಯದು. ತೆರಿಗೆಯಲ್ಲಿ ಏನಾಗುತ್ತದೆ ಅನ್ನುವುದು ಅವರು ಕಾರನ್ನು ಕಲಿಕೆಗೆ ಇಟ್ಟುಕೊಳ್ಳುತ್ತಾರೋ ಮಾರುತ್ತಾರೋ ಅನ್ನುವುದರ ಮೇಲೆ. 1098-ಸಿಯಲ್ಲಿ ಅದನ್ನು ಅವರೇ ಬರೆದುಕೊಡಬೇಕು. ನಿಮ್ಮೂರ ಹೈಸ್ಕೂಲಿನ ಅಥವಾ ಕಮ್ಯುನಿಟಿ ಕಾಲೇಜಿನ ಮೆಕ್ಯಾನಿಕ್ ವಿಭಾಗಕ್ಕೂ ಕೇಳಬಹುದು. ಆದರೆ ಅಲ್ಲಿ ಈಗ ಕಲಿಸುವುದು ಕಂಪ್ಯೂಟರ್ ಇರುವ ಕಾರುಗಳನ್ನು. ಕಾರ್ಬುರೇಟರಿನ ಗಾಡಿ ಅವರಿಗೆ ಬೇಡವಾಗಬಹುದು.

ದೇವಸ್ಥಾನ, ಕನ್ನಡ ಕೂಟ

ನಮ್ಮವರಿಗೆ ಮೊದಲು ಹೊಳೆಯುವುದೇ ಇದು. ದೇವಸ್ಥಾನವೋ ಕೂಟವೋ 501ಸಿ3 ಆಗಿದ್ದರೆ ಕೊಡಬಹುದು, ಅಡ್ಡಿಯಿಲ್ಲ. ಆದರೆ ಯೋಚನೆ ಮಾಡಿ. ಕೂಟದ ಖಜಾಂಚಿ ತನ್ನ ಕೆಲಸ, ಮಕ್ಕಳ ಮಧ್ಯೆ ಬಿಡುವು ಮಾಡಿಕೊಂಡು ಲೆಕ್ಕ ಬರೆಯುವವರು. ಅವರ ಹೆಸರಿಗೆ ದೋಣಿಯಂಥ ಒಂದು ಕ್ರೈಸ್ಲರ್ ಇಂಪೀರಿಯಲ್ ಕಾರು ಬಂದರೆ ನಿಲ್ಲಿಸುವ ಜಾಗ, ವಿಮೆ, ಮಾರಾಟ, 30 ದಿನದ ಗಡುವಿನೊಳಗೆ ಫಾರ್ಮು, ಎಲ್ಲ ಅವರ ತಲೆಗೆ. ಮುಂದಿನ ಯುಗಾದಿಗೆ ಹೊಸ ಸಮಿತಿ ಬಂದರೆ ಕಾರಿನ ಕಾಗದ ಯಾರ ಹತ್ತಿರ ಇದೆ ಅಂತಲೇ ಗೊತ್ತಾಗುವುದಿಲ್ಲ. ಲಾಟರಿಯಲ್ಲಿ ಇಡೋಣ ಅನ್ನುವ ಉತ್ಸಾಹಿಗಳೂ ಇರುತ್ತಾರೆ. ಅದಕ್ಕೆ ರಾಜ್ಯದ ಕಾನೂನು ನೋಡಬೇಕು. ಟಿಕೆಟ್ ಕೊಂಡವರಿಗೆ ಅದು ದಾನ ಅಂತ ತೆರಿಗೆಯಲ್ಲಿ ತೋರಿಸಲು ಬರುವುದಿಲ್ಲ.

ಮಾರಿ ಚೆಕ್ ಕೊಡಿ ಸ್ವಾಮಿ, ಖಜಾಂಚಿ ಹರಸುತ್ತಾರೆ.

ಮಾರುವುದಾದರೆ

ಕಷ್ಟ ಇರುವುದು ಇಲ್ಲೇ, ಅದನ್ನು ಮುಚ್ಚಿಡುವುದಿಲ್ಲ. ಫೋನ್ ಕರೆಗಳು ಬರುತ್ತವೆ. ಕೊಳ್ಳುವ ಉದ್ದೇಶವೇ ಇಲ್ಲದವರು ಒಂದು ಗಂಟೆ ಮಾತಾಡಿ ಹೋಗುತ್ತಾರೆ. ಬ್ಯಾಂಕೇ ಕೊಟ್ಟದ್ದು ಅಂತ ಖೋಟಾ ಕ್ಯಾಷಿಯರ್ಸ್ ಚೆಕ್ ಹಿಡಿದು ಬರುವವರೂ ಇದ್ದಾರೆ. ಅದಕ್ಕೇ ಬ್ಯಾಂಕಿನೊಳಗೆ ನಿಂತು ಹಣ ಜಮೆಯಾದದ್ದು ನೋಡಿದ ಮೇಲೆ ಟೈಟಲ್, ಅಂದರೆ ಕಾರಿನ ಮಾಲೀಕತ್ವದ ಕಾಗದ ಕೊಡಿ.

ಮೊದಲು ಕಾರಿನ ಕ್ಲಬ್ಬಿಗೆ ತಿಳಿಸಿ. ಅಲ್ಲಿ ಕೊಳ್ಳುವವರಿಗೆ ಕಾರು ಗೊತ್ತಿರುತ್ತದೆ, ಚೌಕಾಸಿಯೂ ಮರ್ಯಾದೆಯಿಂದ ನಡೆಯುತ್ತದೆ. 1954ರಿಂದ ಬರುತ್ತಿರುವ ಹೆಮಿಂಗ್ಸ್ ಪತ್ರಿಕೆ ಹಳೇ ಕಾರುಗಳ ಜಾಹೀರಾತಿಗೆ ಹೆಸರಾದದ್ದು. ಒಳ್ಳೆಯ ಸ್ಥಿತಿಯ ಕಾರಾದರೆ ಬ್ರಿಂಗ್ ಎ ಟ್ರೇಲರ್‌ನಂಥ ಆನ್‌ಲೈನ್ ಹರಾಜು. ಡೆಟ್ರಾಯಿಟ್ ಕಡೆಯವರಿಗೆ ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ನಡೆಯುವ ಹಳೇ ಕಾರುಗಳ ಮೆರವಣಿಗೆ, ಡ್ರೀಮ್ ಕ್ರೂಸ್ ಇದೆ. ಕಿಟಕಿಗೆ ಬೋರ್ಡ್ ಹಾಕಿ ಓಡಿಸಿದರೆ ಸಾಕು.

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡುವ ವಿಡಿಯೊ ತೆಗೆಯಿರಿ, ಕತ್ತರಿಸದೆ. ತುಕ್ಕು ಇದ್ದರೆ ಅದರ ಫೋಟೋವನ್ನೂ ಹಾಕಿ. ತುಕ್ಕು ತೋರಿಸಿದ ಜಾಹೀರಾತನ್ನು ಜನ ನಂಬುತ್ತಾರೆ. ಹೊಳೆಯುವ ಫೋಟೋ ಮಾತ್ರ ಹಾಕಿದರೆ ಏನೋ ಮುಚ್ಚಿಟ್ಟಿದ್ದಾರೆ ಅಂತ ಅನುಮಾನ ಪಡುತ್ತಾರೆ. ಈ ಹಣ ಇಂಥ ಸಂಸ್ಥೆಗೆ ಹೋಗುತ್ತದೆ ಅಂತ ಬರೆಯುವುದಾದರೆ ಮೊದಲು ಆ ಸಂಸ್ಥೆಯ ಒಪ್ಪಿಗೆ ತೆಗೆದುಕೊಳ್ಳಿ.

ಬ್ಯಾರೆಟ್ ಜಾಕ್ಸನ್‌ನಂಥ ದೊಡ್ಡ ಹರಾಜಿನಲ್ಲಿ ದಾನದ ಕಾರುಗಳಿಗೆ ಕಮಿಷನ್ ಬಿಟ್ಟು ಪೂರ್ತಿ ಹಣ ಸಂಸ್ಥೆಗೆ ಕೊಡುವುದನ್ನು ಟಿವಿಯಲ್ಲಿ ನೋಡಿರಬಹುದು. ಅದು ಹೆಸರಾಂತರ ಕಾರು, ಹೊಸ ಮಾದರಿಯ ಮೊದಲ ಕಾರು ಅಂಥವುಗಳಿಗೆ. ನಮ್ಮ ನಿಮ್ಮ ಮನೆಯ ಕ್ಯಾಡಿಲಾಕ್ ಬ್ರೋಮ್‌ಗೆ ಆ ಭಾಗ್ಯ ಕಡಿಮೆ.

ಕಾಗದ

ಯಾವ ದಾರಿಯಾದರೂ ಟೈಟಲ್ ನಿಮ್ಮ ಹೆಸರಿನಲ್ಲಿ, ನಿಮ್ಮ ಕೈಯಲ್ಲಿ ಇರಬೇಕು. ತೀರಿಕೊಂಡವರ ಹೆಸರಿನಲ್ಲಿದ್ದರೆ ಮೊದಲು ಅದನ್ನು ಸರಿಪಡಿಸಿ. ಸಣ್ಣ ಆಸ್ತಿಗೆ ಹೆಚ್ಚಿನ ರಾಜ್ಯಗಳಲ್ಲಿ ಕೋರ್ಟಿಗೆ ಹೋಗದೆ ಅಫಿಡವಿಟ್ ಮೇಲೆ ಆಗುತ್ತದೆ. ಕಳೆದುಹೋಗಿದ್ದರೆ ನಕಲು ಟೈಟಲ್‌ಗೆ ಅರ್ಜಿ ಹಾಕಿ.

ಟೋ ಟ್ರಕ್ಕಿನ ಚಾಲಕ ಖಾಲಿ ಬಿಟ್ಟ ಟೈಟಲ್‌ಗೆ ಸಹಿ ಹಾಕಿಕೊಡಿ ಅಂದರೆ ಬೇಡ ಅನ್ನಿ. ಪಡೆಯುವವರ ಜಾಗದಲ್ಲಿ ಸಂಸ್ಥೆಯ ಪೂರ್ತಿ ಹೆಸರು, ತಾರೀಖು ಬರೆದ ಮೇಲೆಯೇ ಸಹಿ. ಖಾಲಿ ಬಿಟ್ಟರೆ ಕಾರು ಕೈ ಬದಲಾಗುತ್ತಾ ಹೋಗುತ್ತದೆ, ಸರ್ಕಾರದ ದಾಖಲೆಯಲ್ಲಿ ಮಾತ್ರ ನೀವೇ ಮಾಲೀಕರು. ನಾಳೆ ಯಾರೋ ಎಲ್ಲೋ ನಿಲ್ಲಿಸಿ ಹೋದರೆ ಪಾರ್ಕಿಂಗ್ ದಂಡದ ಚೀಟಿ ನಿಮ್ಮ ಮನೆಗೆ. ಸಹಿ ಹಾಕಿದ ಟೈಟಲ್‌ನ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಕಾರು ಕೈ ಬಿಟ್ಟಿದೆ ಅಂತ ರಾಜ್ಯದ ವಾಹನ ನೋಂದಣಿ ಇಲಾಖೆಗೆ (ಡಿಎಂವಿ) ತಿಳಿಸಿ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಐದೇ ದಿನ. ನಂಬರ್ ಪ್ಲೇಟ್ ವಿಷಯದಲ್ಲಿ ನಿಮ್ಮ ರಾಜ್ಯದ ನಿಯಮ ನೋಡಿ, ಕೆಲವು ಕಡೆ ಬಿಚ್ಚಿಟ್ಟುಕೊಳ್ಳಬೇಕು, ಕೆಲವು ಕಡೆ ಕಾರಿನ ಜೊತೆಗೇ ಹೋಗುತ್ತದೆ. ಇದೆಲ್ಲ ಮುಗಿದ ಮೇಲೆ ವಿಮೆ ನಿಲ್ಲಿಸಿ, ಅದಕ್ಕೂ ಮೊದಲು ಬೇಡ.

ಡಿಸೆಂಬರ್ ಕೊನೆಯ ವಾರದಲ್ಲಿ ಕೊಟ್ಟು ಈ ವರ್ಷದ ತೆರಿಗೆಗೆ ಹಾಕೋಣ ಅನ್ನುವವರು ಕಾರು ಯಾವ ದಿನ ಕೈ ಬದಲಾಯಿತು ಅನ್ನುವುದಕ್ಕೆ ರಸೀದಿ ತೆಗೆದುಕೊಳ್ಳಿ. ಸಂಸ್ಥೆ ಅದನ್ನು ಫೆಬ್ರವರಿಯಲ್ಲಿ ಮಾರಿದರೆ 1098-ಸಿ ಬರುವುದು ಮಾರ್ಚಿಗೆ. ಅಲ್ಲಿಯವರೆಗೆ ರಿಟರ್ನ್ ಕಳಿಸಬೇಡಿ.